ಗಾದಿ ಯಾರದು?

ನವನಗರದ ನಮ್ಮ ಓಣಿಯ ಮಕ್ಕಳಿಗೆ ಈ ರಜೆಯಲ್ಲಿ ಜಪಾನಿನ ಹುಚ್ಚು ಹತ್ತಿದೆ. ಟಿವಿಯಲ್ಲಿ ಬರುವ ಸಮುರಾಯಿ ಕಾರ್ಟೂನು ನೋಡಿ ನೋಡಿ, ಬೇಲಿಯ ಟೊಂಗೆಗಳೆಲ್ಲ ಕತ್ತಿಗಳಾಗಿವೆ. ಅವರಲ್ಲಿ ಆರನೇ ಇಯತ್ತೆಯ ಹುಡುಗಿಯೊಬ್ಬಳು ಕತ್ತಿಯನ್ನೂ ತಿರುವುತ್ತಾಳೆ, ಪುಸ್ತಕವನ್ನೂ ಓದುತ್ತಾಳೆ. ಮೊನ್ನೆ ನಮ್ಮ ಕಟ್ಟೆಯ ಮೇಲೆ ಕೂತು ಕೇಳಿದಳು:

"ಅಜ್ಜಿ, ಜಪಾನಿನ್ಯಾಗ ಟೊಕುಗಾವಾ ಮನಿತನದವ್ರು ಹದಿನೈದು ಮಂದಿ ಶೋಗುನ್ ಆದ್ರಂತ. ಅದರಾಗ ಒಬ್ಬಾಕೀನೂ ಹೆಂಗಸಿಲ್ಲ. ಯಾಕ್ರಿ?"

ಅವಳ ಅಣ್ಣ ನಾನು ಬಾಯಿ ತೆರೆಯುವ ಮೊದಲೇ ಉತ್ತರ ಕೊಟ್ಟ. "ಹೆಣ್ಮಕ್ಕಳು ಲಡಾಯಿ ಮಾಡೂದಿಲ್ಲಲ್ಲ, ಅದಕ್ಕ."

"ತಮ್ಮಾ," ಅಂದೆ, "ಹುಬ್ಬಳ್ಯಾಗ ಬಸ್ ಇಳೀತೀಯಲ್ಲ, ಆ ಸರ್ಕಲ್ಲಿನ ಹೆಸರೇನು?"

"ಚನ್ನಮ್ಮ ಸರ್ಕಲ್."

"ಅಲ್ಲಿ ಕುದುರಿ ಮ್ಯಾಲ ಕತ್ತಿ ಹಿಡಕೊಂಡು ಕುಂತಾಕಿ ಯಾರು?"

ಹುಡುಗ ನಕ್ಕು ಸುಮ್ಮನಾದ. ಆದರೆ ಮಕ್ಕಳೇ, ಅವನ ಬಾಯಿ ಮುಚ್ಚಿಸಿದ್ದರಿಂದ ಅವಳ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಲಡಾಯಿ ಮಾಡುವುದು ಒಂದು, ಗಾದಿಯ ಮೇಲೆ ಕೂಡುವುದು ಇನ್ನೊಂದು. ಕಿತ್ತೂರಿನ ಚನ್ನಮ್ಮ ಕೂಡ ಕತ್ತಿ ಹಿಡಿದದ್ದು ತನ್ನನ್ನು ಗಾದಿಗೆ ಕೂಡಿಸಿ ಎಂದು ಅಲ್ಲ. ಒಬ್ಬ ಹುಡುಗನನ್ನು ಕೂಡಿಸುವುದಕ್ಕೆ. ಆ ಹುಡುಗ ಅವಳ ಹೊಟ್ಟೆಯಲ್ಲಿ ಹುಟ್ಟಿದವನೂ ಅಲ್ಲ. ಈ ವಾರ ಆ ಕಥೆ ಹೇಳುತ್ತೇನೆ. ನಡುವೆ ಜಪಾನಿಗೂ ಹೋಗಿ ಬರೋಣ, ಏಕೆಂದರೆ ಕಿತ್ತೂರಿಗೆ ಬಂದ ಕಷ್ಟವೇ ಅಲ್ಲಿಯ ಮನೆತನಗಳಿಗೂ ಬಂದಿತ್ತು.

ಮೊದಲು ಶೋಗುನ್ ಅಂದರೆ ಯಾರು ಎಂದು ತಿಳಿದುಕೊಳ್ಳೋಣ. ನಿಮ್ಮ ಅಜ್ಜಂದಿರಿಗೆ ಪೇಶವೆಯರ ಕಥೆ ಗೊತ್ತಿರುತ್ತದೆ. ಛತ್ರಪತಿ ಸಾತಾರೆಯಲ್ಲಿ, ನಿಜವಾದ ಕಾರಭಾರ ಪುಣೆಯ ಪೇಶವೆಯ ಕೈಯಲ್ಲಿ. ಜಪಾನಿನಲ್ಲೂ ಹೆಚ್ಚುಕಡಿಮೆ ಹಾಗೆಯೇ. ಚಕ್ರವರ್ತಿ ಕ್ಯೋಟೊ ಪಟ್ಟಣದ ಅರಮನೆಯಲ್ಲಿ ಪೂಜೆ, ಪದ್ಧತಿ ನೋಡಿಕೊಂಡು ಇರುತ್ತಿದ್ದ. ಸೈನ್ಯ, ಜಮೀನು, ನ್ಯಾಯ ಎಲ್ಲ ಶೋಗುನ್ ಎಂಬ ಸೇನಾಧಿಪತಿಯ ಕೈಯಲ್ಲಿ. ಅವನ ಕೈಕೆಳಗೆ ಊರು, ಕೋಟೆ, ಕುದುರೆ, ಕಾಲಾಳು ಇಟ್ಟುಕೊಂಡ ದೊಡ್ಡ ಮನೆತನಗಳು. ಅವರನ್ನು ದಾಯ್ಮ್ಯೋ ಅನ್ನುತ್ತಿದ್ದರು. ನಮ್ಮ ಕಡೆಯ ದೇಸಾಯರ ಹಾಗೆ ಅಂದುಕೊಳ್ಳಿ. ಕಿತ್ತೂರಿನವರೂ ದೇಸಾಯರೇ.

ಈಗ ಕಿತ್ತೂರಿಗೆ ಬರೋಣ. ಧಾರವಾಡದಿಂದ ಬೆಳಗಾವಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರು. ಶಾಲೆಯ ಪ್ರವಾಸದಲ್ಲಿ ಹೋಗಿ ಆ ಮುರಿದ ವಾಡೆಯ ಗೋಡೆಗಳ ಮೇಲೆ ಹತ್ತಿ ಬೈಸಿಕೊಂಡವರು ನಿಮ್ಮಲ್ಲಿ ಬಹಳ ಮಂದಿ ಇರಬೇಕು. ಆ ವಾಡೆಯಲ್ಲಿ ಆಳಿದ ಮಲ್ಲಸರ್ಜ ದೇಸಾಯಿಗೆ ಇಬ್ಬರು ಹೆಂಡಿರು. ಹಿರಿಯಳು ರುದ್ರಮ್ಮ, ಕಿರಿಯಳು ಬೆಳಗಾವಿ ಹತ್ತಿರದ ಕಾಕತಿಯ ಚನ್ನಮ್ಮ. ಮಲ್ಲಸರ್ಜನನ್ನು ಪೇಶವೆ ಪುಣೆಯಲ್ಲಿ ಸೆರೆ ಇಟ್ಟುಕೊಂಡಿದ್ದ. ಬಿಡುಗಡೆಯಾಗುವ ಹೊತ್ತಿಗೆ ದೇಹ ಸೋತುಹೋಗಿತ್ತು, 1816ರಲ್ಲಿ ತೀರಿಕೊಂಡ. ಚನ್ನಮ್ಮಳ ಸ್ವಂತ ಮಗ ಬದುಕಿ ಉಳಿಯಲಿಲ್ಲ. ರುದ್ರಮ್ಮಳ ಮಗ ಶಿವಲಿಂಗರುದ್ರಸರ್ಜ ಗಾದಿಗೆ ಬಂದ. ಅವನಿಗೂ ಮೈ ಸರಿ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಹೆಂಡತಿ ವೀರಮ್ಮ ಇನ್ನೂ ಎಳೆಯ ಹುಡುಗಿ.

1818ರಲ್ಲಿ ಪೇಶವೆ ಸೋತು ಈ ಸೀಮೆಯೆಲ್ಲ ಇಂಗ್ಲಿಷ್ ಕಂಪನಿಯ ಕೈಗೆ ಬಂದಿತ್ತು. ಕಿತ್ತೂರಿನವರು ಆಗ ಕಂಪನಿಯ ಪರವಾಗಿ ನಿಂತವರು. ಕಂಪನಿಯೂ ಅವರ ದೇಸಗತಿಯನ್ನು ಒಪ್ಪಿಕೊಂಡು ವರ್ಷಕ್ಕೆ ಇಷ್ಟು ಕಪ್ಪ ಎಂದು ಗೊತ್ತು ಮಾಡಿತ್ತು. ಧಾರವಾಡದಲ್ಲಿ ಕಲೆಕ್ಟರ್ ಆಗಿ ಕೂತವನು ಸೇಂಟ್ ಜಾನ್ ಥ್ಯಾಕರೆ. ಕಿತ್ತೂರಿನ ವ್ಯವಹಾರವೂ ಅವನ ಮೇಜಿನ ಮೇಲೆಯೇ ಬರುತ್ತಿತ್ತು.

1824ರ ಸೆಪ್ಟೆಂಬರ್ 11ರಂದು ಶಿವಲಿಂಗರುದ್ರಸರ್ಜ ತೀರಿಕೊಂಡ. ಸಾಯುವ ಮೊದಲು ಮಾಸ್ತಮರಡಿ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದಾರೆ ಎಂದು ವಾಡೆಯವರು ಹೇಳಿದರು. ಹಾಗೆಂದು ತಿಳಿಸುವ ಪತ್ರವೂ ಧಾರವಾಡಕ್ಕೆ ಹೋಯಿತು. ಆದರೆ ಆ ಪತ್ರ ಥ್ಯಾಕರೆಯ ಕೈ ಮುಟ್ಟುವಾಗ ದೇಸಾಯಿ ಇರಲಿಲ್ಲ. ಥ್ಯಾಕರೆ ಪತ್ರವನ್ನು ತಿರುವಿ ತಿರುವಿ ನೋಡಿದ. ಈ ಸಹಿ ದೇಸಾಯಿಯದೇ ಏನು? ಇಷ್ಟು ನಿತ್ರಾಣನಾದ ಮನುಷ್ಯ ಇದನ್ನು ಬರೆದನೇ? ಬದುಕಿದ್ದಾಗ ದತ್ತಕವಾಯಿತೋ, ಸತ್ತ ಮೇಲೆ ಆಯಿತೋ? ಸರ್ಕಾರಿ ಡಾಕ್ಟರನನ್ನು ಕಿತ್ತೂರಿಗೆ ಓಡಿಸಿದ. ಡಾಕ್ಟರ್ ಕಂಡದ್ದು ಹೆಣವನ್ನು. ಅಲ್ಲಿಗೆ ಥ್ಯಾಕರೆಯ ಅನುಮಾನ ಗಟ್ಟಿಯಾಯಿತು. ದತ್ತಕ ಸುಳ್ಳು ಎಂದ. ವಾಡೆಯ ಖಜಾನೆಗೆ ಮೊಹರು ಹಾಕಿಸಿ ಪಹರೆ ಕೂಡಿಸಿದ. ಗಾದಿಗೆ ವಾರಸುದಾರ ಇಲ್ಲ, ಸಂಸ್ಥಾನ ಕಂಪನಿಗೆ ಸೇರಿತು ಎನ್ನುವುದು ಅವನ ಲೆಕ್ಕ.

ಇಲ್ಲಿ ಸ್ವಲ್ಪ ನಿಲ್ಲೋಣ. ಅಜ್ಜಂದಿರು ಈ ಕಥೆ ಹೇಳುವಾಗ ನೇರ ಯುದ್ಧಕ್ಕೇ ಹೋಗಿಬಿಡುತ್ತಾರೆ. ನನಗೆ ಮಾತ್ರ ಯುದ್ಧಕ್ಕಿಂತ ಈ ಪತ್ರವೇ ದೊಡ್ಡದು ಅನಿಸುತ್ತದೆ. ಆ ವಾಡೆಯಲ್ಲಿ ಉಳಿದವರು ಯಾರು ನೋಡಿ. ಒಬ್ಬ ಎಳೆಯ ವಿಧವೆ, ಒಬ್ಬ ಮಲತಾಯಿ, ಒಬ್ಬ ಹುಡುಗ. ನಮ್ಮ ಕಡೆಯ ಪದ್ಧತಿಯಲ್ಲಿ ಇಷ್ಟು ಜನ ಸಾಕು. ದತ್ತಕ ಬಂದವನು ಮಗನೇ, ಹುಟ್ಟಿದ ಮಗನಿಗೆ ಇರುವ ಎಲ್ಲ ಹಕ್ಕೂ ಅವನಿಗೆ. ಅವನು ದೊಡ್ಡವನಾಗುವ ತನಕ ಮನೆಯ ಹಿರಿಯ ಹೆಂಗಸು ಕಾರಭಾರ ನೋಡುತ್ತಾಳೆ. ಚನ್ನಮ್ಮ ಹೇಳಿದ್ದೂ ಅದನ್ನೇ. ಪುಣೆಯಲ್ಲಿದ್ದ ಕಮಿಶನರ್ ಚಾಪ್ಲಿನ್‌ಗೆ, ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆಸಿದಳು. ಉತ್ತರ ಅವಳ ಪರವಾಗಿ ಬರಲಿಲ್ಲ.

ಅಕ್ಟೋಬರ್ 23ರಂದು ಥ್ಯಾಕರೆ ತೋಪು, ದಂಡು ತಂದು ಕೋಟೆಯ ಬಾಗಿಲ ಮುಂದೆ ನಿಂತ. ಬಾಗಿಲು ತೆರೆಯಿರಿ, ಇಲ್ಲದಿದ್ದರೆ ಒಡೆಯುತ್ತೇನೆ ಎಂದ. ಬಾಗಿಲು ಒಳಗಿನಿಂದಲೇ ತೆರೆಯಿತು, ಕಿತ್ತೂರಿನ ದಂಡು ಹೊಳೆಯ ಹಾಗೆ ನುಗ್ಗಿ ಬಂತು. ಥ್ಯಾಕರೆ ಅಲ್ಲೇ ಬಿದ್ದ. ಅಮಟೂರ ಬಾಳಪ್ಪನ ಗುಂಡು ಅವನನ್ನು ಕೆಡವಿತು ಎಂದು ಲಾವಣಿ ಹಾಡುವವರು ಇಂದಿಗೂ ಹಾಡುತ್ತಾರೆ. ಅವನ ಸಮಾಧಿ ಧಾರವಾಡದಲ್ಲಿದೆ. ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆ ಎಂಬವನ ಹೆಸರು ನಿಮ್ಮ ಅಪ್ಪ-ಅಮ್ಮ ಕೇಳಿರಬಹುದು, ಈ ಕಲೆಕ್ಟರ್ ಅವನಿಗೆ ಚಿಕ್ಕಪ್ಪನಾಗಬೇಕು. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಅವರ ಮೈಗೆ ಒಂದು ಗೀರು ಬೀಳದ ಹಾಗೆ ಇಟ್ಟುಕೊಂಡು ಕೊನೆಗೆ ಬಿಟ್ಟು ಕಳಿಸಿದ್ದು ಚನ್ನಮ್ಮಳ ದೊಡ್ಡತನ. ಕಂಪನಿ ಮಾತ್ರ ಇನ್ನೂ ದೊಡ್ಡ ದಂಡು ತಂದಿತು. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಚನ್ನಮ್ಮಳನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. ಅಲ್ಲಿಯೇ 1829ರಲ್ಲಿ ತೀರಿಕೊಂಡಳು. ಇಂದಿಗೂ ಅವಳ ಸಮಾಧಿ ಬೈಲಹೊಂಗಲದಲ್ಲಿದೆ. 1961ರ ಸಿನಿಮಾದಲ್ಲಿ ಬಿ. ಸರೋಜಾದೇವಿ ಚನ್ನಮ್ಮಳಾಗಿ ಗುಡುಗಿದ್ದನ್ನು ನಿಮ್ಮ ಅಜ್ಜಿಯರು ಮರೆತಿರಲಾರರು, ಕೇಳಿ ನೋಡಿ.

ಈಗ ಹಡಗು ಹತ್ತಿ ಜಪಾನಿಗೆ.

ಜಪಾನಿನ ಮೊದಲ ದೊಡ್ಡ ಶೋಗುನ್ ಮಿನಾಮೊಟೊ ಯೊರಿಟೊಮೊ. 1192ರಲ್ಲಿ ಅವನಿಗೆ ಆ ಪದವಿ ಬಂತು. ಅವನ ಹೆಂಡತಿ ಹೋಜೋ ಮಾಸಾಕೊ. 1199ರಲ್ಲಿ ಗಂಡ ಸತ್ತಾಗ ಅವಳು ತಲೆ ಬೋಳಿಸಿಕೊಂಡು ಸನ್ಯಾಸಿನಿಯಾದಳು. ಹಾಗಂತ ಮೂಲೆ ಸೇರಿ ಜಪಮಾಲೆ ಎಣಿಸಲಿಲ್ಲ. ಹಿರಿಯ ಮಗ ಶೋಗುನ್ ಆದ, ಅವನನ್ನು ಇಳಿಸಿ ಕೊಂದರು. ಕಿರಿಯ ಮಗ ಶೋಗುನ್ ಆದ, 1219ರಲ್ಲಿ ದೇವಸ್ಥಾನದ ಅಂಗಳದಲ್ಲಿ ಅವನ ಅಣ್ಣನ ಮಗನೇ ಅವನನ್ನು ಕಡಿದ. ಮಾಸಾಕೊಗೆ ಮಕ್ಕಳಿಬ್ಬರೂ ಹೋದರು, ಗಾದಿ ಖಾಲಿ. ಆಗ ಅವಳ ಮನೆಯವರು ಕ್ಯೋಟೊದಿಂದ ದೂರದ ಸಂಬಂಧದ ಒಂದು ಹಸುಗೂಸನ್ನು ತರಿಸಿದರು. ಆ ಕೂಸಿಗೆ ಶೋಗುನ್ ಎಂಬ ಹೆಸರು ಸಿಕ್ಕಿದ್ದು 1226ರಲ್ಲಿ. ಅಷ್ಟರೊಳಗೆ ಮಾಸಾಕೊ ಸತ್ತು ಒಂದು ವರ್ಷವಾಗಿತ್ತು. ಹಾಗಾದರೆ ನಡುವಿನ ಆರು ವರ್ಷ ಆಳಿದವರು ಯಾರು? ಅವಳೇ. 1221ರಲ್ಲಿ ಪದವಿ ಬಿಟ್ಟ ಹಳೆಯ ಚಕ್ರವರ್ತಿಯೊಬ್ಬ ಅವರ ಮೇಲೆ ಯುದ್ಧ ಸಾರಿದಾಗ, ಯೋಧರನ್ನೆಲ್ಲ ಸೇರಿಸಿ ನಿಮ್ಮ ಮೇಲೆ ನನ್ನ ಗಂಡನ ಋಣವಿದೆ ಎಂದು ನೆನಪಿಸಿದವಳು ಅವಳೇ. ಅವರು ಹೋಗಿ ಗೆದ್ದು ಬಂದರು. ಜನ ಅವಳನ್ನು ಕರೆದದ್ದು 'ಸನ್ಯಾಸಿನಿ ಶೋಗುನ್' ಎಂದು. ಆದರೆ ಶೋಗುನ್‌ರ ಪಟ್ಟಿಯಲ್ಲಿ ಹುಡುಕಿ, ಆ ಹೆಸರು ಇರುವುದಿಲ್ಲ. ಕೂಸಿನ ಹೆಸರು ಇದೆ!

ಅವಳ ಮನೆತನದವರು 1232ರಲ್ಲಿ ಯೋಧರಿಗಾಗಿ ಒಂದು ಕಾಯಿದೆ ಬರೆಸಿದರು, ಐವತ್ತೊಂದು ಕಲಮಿನದು. ಅದರಲ್ಲಿ ಒಂದು ಕಲಮು ಓದಿದಾಗ ನನಗೆ ಥಟ್ಟನೆ ಕಿತ್ತೂರು ನೆನಪಾಯಿತು. ಮಕ್ಕಳಿಲ್ಲದ ಹೆಂಗಸು ತಾನೇ ದತ್ತಕ ತೆಗೆದುಕೊಂಡು, ಆ ಮಗುವಿಗೆ ತನ್ನ ಜಮೀನು ಕೊಡಬಹುದು, ಇದು ಯೊರಿಟೊಮೊನ ಕಾಲದಿಂದ ನಡೆದು ಬಂದ ರೂಢಿ ಎಂದು ಅದು ಒಪ್ಪಿಕೊಳ್ಳುತ್ತದೆ. ಕಿತ್ತೂರಿನ ಗದ್ದಲಕ್ಕೂ ಸುಮಾರು ಆರುನೂರು ವರ್ಷ ಮೊದಲು! ಆ ಕಾಲದಲ್ಲಿ ಅಲ್ಲಿಯ ಹೆಣ್ಣುಮಕ್ಕಳಿಗೂ ತಂದೆಯ ಜಮೀನಿನಲ್ಲಿ ಪಾಲು ಬರುತ್ತಿತ್ತು.

ಆಮೇಲೆ ಅದು ಯಾಕೆ ನಿಂತಿತು? ಅದಕ್ಕೆ ಕಾರಣ ನಮ್ಮ ಹಳ್ಳಿಯ ರೈತರಿಗೆ ಬೇಗ ಅರ್ಥವಾಗುತ್ತದೆ. ಹೊಲ ಹಂಚುತ್ತ ಹೋದರೆ ಚೂರಾಗುತ್ತದೆ. ಮಗಳಿಗೆ ಕೊಟ್ಟ ಹೊಲ ಮದುವೆಯಾದ ಮೇಲೆ ಇನ್ನೊಂದು ಮನೆಗೆ ಹೋಗುತ್ತದೆ. ಹೊಲ ಕಡಿಮೆಯಾದರೆ ಕುದುರೆ, ಕಾಲಾಳು ಕಡಿಮೆ. ಯುದ್ಧಗಳು ಹೆಚ್ಚಿದ ಹಾಗೆ ಮನೆತನಗಳು ಮೊದಲು ಮಗಳಿಗೆ ಅವಳು ಬದುಕಿರುವಷ್ಟು ದಿನ ಮಾತ್ರ ಪಾಲು ಎಂದವು. ಅವಳು ಸತ್ತ ಮೇಲೆ ಅದು ತವರಿಗೆ ವಾಪಸು. ಆಮೇಲೆ ಅದೂ ಹೋಗಿ, ಎಲ್ಲವೂ ಒಬ್ಬನೇ ಮಗನಿಗೆ ಎಂದಾಯಿತು.

ನಡುವೆ ಒಬ್ಬ ಹುಡುಗಿ ಸಿಗುತ್ತಾಳೆ. ಅವಳ ಬಗ್ಗೆ ಬರೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಹೆಸರು ತಾಚಿಬಾನಾ ಗಿಂಚಿಯೊ. ಜಪಾನಿನ ದಕ್ಷಿಣದ ಕ್ಯೂಶೂ ದ್ವೀಪದಲ್ಲಿ 1569ರಲ್ಲಿ ಹುಟ್ಟಿದಳು. ತಂದೆ ದೋಸೆತ್ಸು ಹೆಸರಾದ ಯೋಧ, ಗಂಡು ಮಕ್ಕಳಿಲ್ಲ. ದತ್ತಕ ತೆಗೆದುಕೊಳ್ಳುವುದು ಬಿಟ್ಟು 1575ರಲ್ಲಿ ಕೋಟೆ, ಜಮೀನು, ಆಯುಧ ಎಲ್ಲವನ್ನೂ ಮಗಳ ಹೆಸರಿಗೆ ಬರೆದುಕೊಟ್ಟ. ಅವಳಿಗೆ ಆಗ ಎಷ್ಟು ವಯಸ್ಸು? ಲೆಕ್ಕ ಹಾಕಿ. ಒಂದನೇ ಇಯತ್ತೆಗೆ ಹೋಗುವ ವಯಸ್ಸಿನಲ್ಲಿ ಕೋಟೆಯ ಒಡತಿ! ಆರು ವರ್ಷವಾದ ಮೇಲೆ ತಂದೆ ಅವಳಿಗೆ ಮದುವೆ ಮಾಡಿದ. ಅಳಿಯನನ್ನೇ ಮಗನಾಗಿ ಮನೆಗೆ ತಂದ. ಅಳಿಯ ತನ್ನ ಮನೆತನದ ಹೆಸರು ಬಿಟ್ಟು ಹೆಂಡತಿಯ ಮನೆತನದ ಹೆಸರು ಇಟ್ಟುಕೊಂಡ. ನಮ್ಮ ಹಳ್ಳಿಗಳಲ್ಲಿ ಮನೆಅಳಿಯ ಅಂದರೆ ಎಲ್ಲರೂ ಮುಸಿಮುಸಿ ನಗುತ್ತಾರೆ. ಜಪಾನಿನಲ್ಲಿ ಅದು ಮನೆತನ ಉಳಿಸುವ ಗೌರವದ ದಾರಿ, ದೊಡ್ಡ ವ್ಯಾಪಾರಿ ಮನೆಗಳಲ್ಲೂ ನಡೆಯುತ್ತಿತ್ತು. ಆದರೆ ಒಂದು ಮಾತು. ಅಳಿಯ ಬಂದ ಮೇಲೆ ಮನೆತನದ ಯಜಮಾನ ಅವನೇ ಆದ, ಗಿಂಚಿಯೊ ಅಲ್ಲ.

1603ರಲ್ಲಿ ಟೊಕುಗಾವಾ ಮನೆತನದವರು ಶೋಗುನ್ ಆದರು. ಓಣಿಯ ಹುಡುಗಿ ಕೇಳಿದ ಆ ಹದಿನೈದು ಮಂದಿ ಇವರೇ. ಒಂದು ತಮಾಷೆ ನೋಡಿ. ಎರಡನೇ ಶೋಗುನ್‌ನ ಮೊಮ್ಮಗಳು ಮೇಯ್ಶೋ 1629ರಲ್ಲಿ ಜಪಾನಿನ ಚಕ್ರವರ್ತಿನಿಯೇ ಆದಳು, ಸಣ್ಣ ಹುಡುಗಿಯಾಗಿದ್ದಾಗಲೇ. ಅಂದರೆ ಆ ಮನೆಯ ಹೆಣ್ಣು ಮೊಮ್ಮಗಳು ಸಿಂಹಾಸನದ ಮೇಲೆ ಕೂಡಬಹುದು, ಶೋಗುನ್‌ನ ಗಾದಿಯ ಮೇಲೆ ಕೂಡಲಾಗದು. ಯಾಕೆಂದರೆ ಅಧಿಕಾರ ಇದ್ದದ್ದು ಸಿಂಹಾಸನದಲ್ಲಿ ಅಲ್ಲ, ಗಾದಿಯಲ್ಲಿ. ಇದು ನನ್ನ ಅಭಿಪ್ರಾಯ, ದೊಡ್ಡ ಪಂಡಿತರು ಬೇರೆ ಹೇಳಬಹುದು.

ಈ ಟೊಕುಗಾವಾದವರು ದಾಯ್ಮ್ಯೋ ಮನೆತನಗಳ ಮೇಲೆ ಒಂದು ಬಿಗಿ ನಿಯಮ ಹಾಕಿದ್ದರು. ಗಂಡು ಮಗನಿಲ್ಲದವನು ಆರೋಗ್ಯವಾಗಿದ್ದಾಗಲೇ ದತ್ತಕ ತೆಗೆದುಕೊಂಡು ಶೋಗುನ್‌ಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಸಾಯುವ ಹಾಸಿಗೆಯ ಮೇಲೆ ದತ್ತಕ ತೆಗೆದುಕೊಂಡರೆ ನಡೆಯುವುದಿಲ್ಲ. ಆ ಹೊತ್ತಿನಲ್ಲಿ ಮಾಡಿದ್ದು ಅವನ ಮನಸ್ಸಿನಂತೆ ಆಯಿತೋ, ಸುತ್ತಲಿದ್ದವರು ಮಾಡಿದ್ದೋ ಯಾರು ಬಲ್ಲರು? ಥ್ಯಾಕರೆಯ ಅನುಮಾನ ನೆನಪಾಯಿತಲ್ಲವೇ? ನಿಯಮ ಮೀರಿದರೆ ಶಿಕ್ಷೆಯೂ ಅದೇ. ಮನೆತನ ರದ್ದು, ಊರು ಕೋಟೆ ಎಲ್ಲ ಶೋಗುನ್‌ಗೆ. ಮನೆಯಲ್ಲಿ ಹೆಂಡತಿ, ತಾಯಿ, ಹೆಣ್ಣುಮಕ್ಕಳು ಎಷ್ಟು ಜನ ಇದ್ದರೂ ಅವರು ಲೆಕ್ಕಕ್ಕಿಲ್ಲ.

ಹೀಗೆ ಹತ್ತಾರು ಮನೆತನಗಳು ಮುಳುಗಿದವು. ಮನೆತನದ ಜೊತೆ ಅದರ ಸೈನಿಕರ ಅನ್ನವೂ ಹೋಯಿತು. ಒಡೆಯನಿಲ್ಲದೆ, ಸಂಬಳವಿಲ್ಲದೆ, ಸೊಂಟದಲ್ಲಿ ಕತ್ತಿ ಮಾತ್ರ ಉಳಿದ ಸಮುರಾಯಿಗಳು ಊರೂರು ಅಲೆದರು. ಕಾರ್ಟೂನಿನಲ್ಲಿ ಬರುವ 'ರೋನಿನ್' ಅಂದರೆ ಇವರೇ. 1651ರಲ್ಲಿ ಮೂರನೇ ಶೋಗುನ್ ಸತ್ತು, ಹತ್ತು ವರ್ಷದ ಹುಡುಗ ಗಾದಿಗೆ ಬಂದ. ಇದೇ ಸಮಯ ಎಂದು ಯೂಯಿ ಶೋಸೆತ್ಸು ಎಂಬವನು ಇಂಥ ರೋನಿನ್‌ಗಳನ್ನು ಕೂಡಿಸಿ ಸರ್ಕಾರವನ್ನೇ ಕೆಡವಲು ಒಳಸಂಚು ಮಾಡಿದ. ಸಂಚು ಬಯಲಾಯಿತು, ಅವನು ಹೊಟ್ಟೆ ಸೀಳಿಕೊಂಡು ಸತ್ತ. ಆದರೆ ಸರ್ಕಾರದ ಹಿರಿಯರು ಇವನನ್ನು ಹಿಡಿದೆವು, ಮುಗಿಯಿತು ಎಂದು ಕೂಡಲಿಲ್ಲ. ಇಷ್ಟೊಂದು ರೋನಿನ್‌ಗಳು ಬಂದದ್ದು ಎಲ್ಲಿಂದ ಎಂದು ಯೋಚಿಸಿದರು. ಅದೇ ವರ್ಷ ನಿಯಮ ಸಡಿಲಿಸಿದರು. ಐವತ್ತು ವರ್ಷದ ಒಳಗಿನವನು ಸಾಯುವ ಹಾಸಿಗೆಯ ಮೇಲೂ ದತ್ತಕ ತೆಗೆದುಕೊಳ್ಳಬಹುದು ಎಂದರು.

ಮೋಸ ಆಗದಿರಲಿ ಎಂದು ರೋಗಿ ಬದುಕಿದ್ದಾನೆ, ದತ್ತಕಪತ್ರಕ್ಕೆ ಅವನ ಒಪ್ಪಿಗೆ ಇದೆ ಎಂದು ಕಣ್ಣಾರೆ ನೋಡಿ ಬರಲು ಒಬ್ಬ ಅಧಿಕಾರಿಯನ್ನು ಕಳಿಸುವ ಪದ್ಧತಿ ಬಂತು. ಕಾಲ ಕಳೆದ ಹಾಗೆ ಅದೂ ಒಂದು ನಾಟಕವಾಯಿತು. ಒಡೆಯ ಸತ್ತೇ ಹೋಗಿದ್ದರೂ ಮನೆಯವರು ಹಾಸಿಗೆಯ ಸುತ್ತ ತೆರೆ ಹಾಕಿ, ಕಾಯಿಲೆ ಜೋರಾಗಿದೆ ಎನ್ನುವರು. ಅಧಿಕಾರಿ ತೆರೆಯ ಈಚೆ ಕೂತು, ಪತ್ರ ನೋಡಿ, ಬೇಗ ಗುಣವಾಗಲಿ ಎಂದು ಹೇಳಿ ಹೊರಡುವನು. ತೆರೆ ಸರಿಸಿ ನೋಡುವ ಅಧಿಕಾರ ಅವನಿಗೆ ಇರಲಿಲ್ಲವೇ? ಇತ್ತು. ಸರಿಸಿದರೆ ನೂರಾರು ಮನೆಗಳ ಒಲೆ ಆರುತ್ತದೆ ಎಂದು ಅವನಿಗೆ ಗೊತ್ತು. ಕಿತ್ತೂರಿಗೆ ಬಂದ ಆ ಡಾಕ್ಟರನನ್ನು ನೆನೆದಾಗಲೆಲ್ಲ ನನಗೆ ಈ ತೆರೆ ನೆನಪಾಗುತ್ತದೆ.

ಕಿತ್ತೂರಿನಲ್ಲೂ ಒಲೆಗಳು ಆರಿದವು. ಸಂಗೊಳ್ಳಿ ರಾಯಣ್ಣನ ಹೆಸರು ಕೇಳದ ಮಗು ನಮ್ಮ ಕಡೆ ಇಲ್ಲ. ಅವನ ಮನೆತನ ವಾಲೀಕಾರರದು. ಊರು ಕಾಯುವ, ಕರೆ ಬಂದರೆ ದಂಡಿಗೆ ಹೋಗುವ ಚಾಕರಿಗಾಗಿ ದೇಸಾಯರು ಹೊಲ ಬಿಟ್ಟುಕೊಟ್ಟಿರುತ್ತಿದ್ದರು. ಅಂಥವರನ್ನು ಶೇತಸನದಿ ಅನ್ನುತ್ತಿದ್ದರು. ಸಂಸ್ಥಾನ ಹೋದ ಮೇಲೆ ಅಂಥ ಹೊಲಗಳ ಮೇಲೆ ಸರ್ಕಾರದ ಕಣ್ಣು ಬಿತ್ತು. ರಾಯಣ್ಣ ನಮ್ಮ ರೋನಿನ್ ಎಂದರೆ ತಪ್ಪಲ್ಲ. ಅವನು ದಂಡು ಕಟ್ಟಿ ಸರ್ಕಾರಿ ಕಚೇರಿಗಳನ್ನು ಸುಟ್ಟ, ಖಜಾನೆ ಲೂಟಿ ಮಾಡಿದ. ಬರೀ ಸಿಟ್ಟಿಗೆ ಅಲ್ಲ. ದತ್ತಕ ಬಂದ ಆ ಶಿವಲಿಂಗಪ್ಪನನ್ನು ಗಾದಿಗೆ ಕೂಡಿಸಬೇಕು ಎನ್ನುವುದು ಅವನ ಹಟ. ಚನ್ನಮ್ಮ ಸೆರೆಯಲ್ಲಿ ಸತ್ತ ಮೇಲೂ ಆ ಹಟ ಬಿಡಲಿಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಜಪಾನಿನ ಹಿರಿಯರು 1651ರಲ್ಲಿ ಮಾಡಿದ ಯೋಚನೆಯನ್ನು ಕಂಪನಿ 1831ರಲ್ಲಿ ಮಾಡಬಹುದಿತ್ತು, ಮಾಡಲಿಲ್ಲ. ಬದಲಿಗೆ 1848ರಲ್ಲಿ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ ಕಿತ್ತೂರಿನಲ್ಲಿ ಆದದ್ದನ್ನೇ ದೇಶಕ್ಕೆಲ್ಲ ಹಚ್ಚಿದ. ದತ್ತುಮಕ್ಕಳಿಗೆ ಹಕ್ಕಿಲ್ಲ ಎಂದು ಮೊದಲು ಸಾತಾರಾ, ಆಮೇಲೆ ಝಾನ್ಸಿ. ಝಾನ್ಸಿಯ ಗಂಗಾಧರರಾವ್ 1853ರಲ್ಲಿ ಸಾಯುವ ಹಿಂದಿನ ದಿನ ದತ್ತಕ ತೆಗೆದುಕೊಂಡ, ಅದೂ ಇಂಗ್ಲಿಷ್ ಅಧಿಕಾರಿಗಳ ಕಣ್ಣೆದುರಿಗೆ. ಇಲ್ಲಿ ಸಹಿಯ ಅನುಮಾನವೂ ಇರಲಿಲ್ಲ, ಆದರೂ ಒಪ್ಪಲಿಲ್ಲ. ರಾಣಿ ಲಕ್ಷ್ಮೀಬಾಯಿಯ ಕಥೆ ನಿಮಗೆ ಪಾಠದಲ್ಲೇ ಇದೆ. ನಮ್ಮ ಹುಬ್ಬಳ್ಳಿಯಿಂದ ವಿಜಯಪುರದ ಬಸ್ಸು ಹತ್ತಿದರೆ ನವಲಗುಂದ ದಾಟಿ ನರಗುಂದ ಬರುತ್ತದೆ. ಅಲ್ಲಿಯ ಸಂಸ್ಥಾನಿಕ ಬಾಬಾಸಾಹೇಬನಿಗೂ ಮಗನಿರಲಿಲ್ಲ, ದತ್ತಕಕ್ಕೆ ಅವನು ಕೇಳಿದ ಒಪ್ಪಿಗೆಯೂ ಸಿಗಲಿಲ್ಲ. 1858ರ ಮೇ ತಿಂಗಳಲ್ಲಿ ಬಂಡೆದ್ದ. ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯ ತಲೆ ಹೋಯಿತು. ಜೂನ್‌ನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಅವನ ತಾಯಿ, ಹೆಂಡತಿ ಇಬ್ಬರೂ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಬಾಬಾಸಾಹೇಬನ ಹೆಸರು ಎಲ್ಲರಿಗೂ ಗೊತ್ತು. ಈ ಇಬ್ಬರು ಹೆಂಗಸರನ್ನು ನೆನೆಯುವವರು ಕಡಿಮೆ.

ಇಷ್ಟೆಲ್ಲ ಆದ ಮೇಲೆ ಇಂಗ್ಲಿಷರಿಗೂ ಬುದ್ಧಿ ಬಂತು. ಗವರ್ನರ್ ಜನರಲ್ ಕ್ಯಾನಿಂಗ್ ಸಂಸ್ಥಾನಿಕರಿಗೆಲ್ಲ, ನಿಮ್ಮ ದತ್ತಕವನ್ನು ಒಪ್ಪುತ್ತೇವೆ ಎಂದು ಸನದು ಬರೆದುಕೊಟ್ಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತಕ ತೆಗೆದುಕೊಂಡ ಚಾಮರಾಜೇಂದ್ರರಿಗೆ 1881ರಲ್ಲಿ ರಾಜ್ಯ ಮರಳಿ ಸಿಕ್ಕಿತು. ಕಿತ್ತೂರಿಗೆ ಮಾತ್ರ ಆ ಸನದು ನಾಲ್ಕು ದಶಕ ತಡ.

ಎಲ್ಲ ಕಡೆಯೂ ಹೆಣ್ಣು ಬರೀ ಕಾಯುವವಳಾಗಿಯೇ ಇದ್ದಳೇ ಎಂದು ಕೇಳಿದರೆ, ಇಲ್ಲ. ಕೆಳದಿಯಲ್ಲೂ ಒಬ್ಬ ಚನ್ನಮ್ಮ ಇದ್ದಳು, ಕಿತ್ತೂರಿನವಳಿಗಿಂತ ಒಂದೂವರೆ ನೂರು ವರ್ಷ ಮೊದಲು. ಇಬ್ಬರನ್ನೂ ಕಲಸಿ ಪರೀಕ್ಷೆಯಲ್ಲಿ ಮಾರ್ಕು ಕಳೆದುಕೊಳ್ಳಬೇಡಿ. ಗಂಡ ಸೋಮಶೇಖರ ನಾಯಕ ಸತ್ತ ಮೇಲೆ ಅವಳು ತಾನೇ ಗಾದಿಯೇರಿ ಸುಮಾರು 25 ವರ್ಷ ಆಳಿದಳು. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟವಳು ಇವಳೇ. ಅವಳೂ ದತ್ತಕ ತೆಗೆದುಕೊಂಡಳು. ಆ ಹುಡುಗ ಬಸಪ್ಪ ಬೆಳೆದು ದೊರೆಯೂ ಆದ, ಪಂಡಿತನೂ ಆದ. ಸಂಸ್ಕೃತದ 'ಶಿವತತ್ತ್ವರತ್ನಾಕರ' ಎಂಬ ದೊಡ್ಡ ಗ್ರಂಥ ಅವನದು. ಕರಾವಳಿಯ ಉಳ್ಳಾಲದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕನಿಗಂತೂ ದತ್ತಕದ ಗೊಡವೆಯೇ ಬೇಕಿರಲಿಲ್ಲ. ಅಲ್ಲಿಯ ಚೌಟ ಅರಸರದು ಅಳಿಯಸಂತಾನ. ವಂಶ ಎಣಿಸುವುದು ತಾಯಿಯ ಕಡೆಯಿಂದ, ಗಾದಿ ಹೋಗುವುದು ಸೋದರಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ. ಮಾವ ತಿರುಮಲರಾಯ ಅವಳಿಗೆ ಕತ್ತಿವರಸೆ, ಕುದುರೆ ಸವಾರಿ ಕಲಿಸಿ ಪಟ್ಟ ಕಟ್ಟಿದ. ಅವಳು ರಾಣಿಯಾದದ್ದು ಯಾರದೋ ಹೆಂಡತಿ ಎಂದಲ್ಲ. ಗಂಡ ಮಂಗಳೂರಿನ ಬಂಗರಾಜ, ಅವನೊಡನೆ ಅವಳಿಗೆ ಜಗಳವೇ ಇತ್ತು.

ದತ್ತಕದ ವಿಷಯದಲ್ಲಿ ಅಜ್ಜಿಯರಿಗೆ ಒಂದು ಮಾತು. ಹಳೆಯ ಪದ್ಧತಿಯಲ್ಲಿ ದತ್ತಕ ಅಂದರೆ ಗಂಡು ಹುಡುಗನೇ. ಹಿಂದೂ ಹೆಂಗಸು, ವಿಧವೆಯಾಗಲಿ ಮದುವೆಯಾಗದವಳಾಗಲಿ, ತನ್ನ ಹಕ್ಕಿನಲ್ಲೇ ದತ್ತು ತೆಗೆದುಕೊಳ್ಳಬಹುದು, ಹೆಣ್ಣು ಮಗುವನ್ನೂ ತೆಗೆದುಕೊಳ್ಳಬಹುದು ಎಂದು ನಮ್ಮ ದೇಶದಲ್ಲಿ ಕಾಯಿದೆ ಬಂದದ್ದು 1956ರಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ಮಾಡಿತು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಜಪಾನಿನಲ್ಲಿ ಶೋಗುನ್‌ಗಳು ಹೋಗಿ ಒಂದೂವರೆ ನೂರು ವರ್ಷ ದಾಟಿತು. ಚಕ್ರವರ್ತಿಯ ಸಿಂಹಾಸನ ಇನ್ನೂ ಇದೆ. ಈಗಿನ ಚಕ್ರವರ್ತಿ ನಾರುಹಿತೊಗೆ ಒಬ್ಬಳೇ ಮಗಳು, ಹೆಸರು ಆಯ್ಕೊ. 1947ರ ಕಾಯಿದೆಯ ಪ್ರಕಾರ ಗಂಡಸಿಗೆ ಮಾತ್ರ ಪಟ್ಟ, ಆದ್ದರಿಂದ ಸರದಿಯಲ್ಲಿ ಮೊದಲು ನಿಂತಿರುವವನು ಚಕ್ರವರ್ತಿಯ ತಮ್ಮ, ಆಮೇಲೆ ತಮ್ಮನ ಮಗ. ಆಯ್ಕೊಗೆ ಪಟ್ಟ ಯಾಕಿಲ್ಲ ಎಂದು ಅಲ್ಲಿಯ ಜನ ಈಗಲೂ ವಾದ ಮಾಡುತ್ತಿದ್ದಾರೆ.

ಈ ವಾರ ನಿಮಗೊಂದು ಕೆಲಸ. ನಿಮ್ಮ ಮನೆತನದಲ್ಲಿ ಹಿಂದೆ ಯಾರಾದರೂ ದತ್ತಕ ಬಂದಿದ್ದರೇ, ಹೋಗಿದ್ದರೇ, ಮನೆಅಳಿಯನಾಗಿ ಬಂದು ಹೊಲ ಮನೆ ನೋಡಿಕೊಂಡವರು ಇದ್ದರೇ ಎಂದು ಅಜ್ಜ ಅಜ್ಜಿಯರನ್ನು ಕೇಳಿ. ಗಂಡು ದಿಕ್ಕಿಲ್ಲದ ಮನೆಯನ್ನು ಒಬ್ಬಳೇ ನಡೆಸಿದ ಮುತ್ತಜ್ಜಿ ಇದ್ದರೆ ಅವಳ ಹೆಸರನ್ನು ತಪ್ಪದೆ ಕೇಳಿಕೊಳ್ಳಿ. ಒಂದು ಪುಟದಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಅಕ್ಷರ ದುಂಡಗಿರಲಿ, ನನ್ನ ಕನ್ನಡಕ ಹಳೆಯದು.